ಸ್ಕೂಟರ್ ಸೆಲ್ಫ್ ತಗೊಳ್ತಿಲ್ವಾ? ಹೊಸ ಬ್ಯಾಟರಿ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ಮೂರು ವರ್ಷದ ಹಿಂದೆ ಒಂದೇ ಮಳೆಗಾಲದಲ್ಲಿ ನಾನು ಎರಡು ಬ್ಯಾಟರಿ ಕೊಂಡೆ. ಗಾಡಿ ಮಾತ್ರ ಒಂದೇ.

ಮೊದಲನೆಯದಕ್ಕೆ ಕಾರಣ ಇತ್ತು. 2018ರಲ್ಲಿ ಗಾಡಿಯ ಜೊತೆಗೇ ಬಂದಿದ್ದ ಬ್ಯಾಟರಿ ನಾಲ್ಕು ವರ್ಷ ದಾಟಿ ಸುಸ್ತಾಗಿತ್ತು. ಬದಲಿಸಿದೆ. ಏಳೇ ವಾರಕ್ಕೆ ಹೊಸದೂ ಮಲಗಿತು. ಬ್ಯಾಟರಿ ಅಂಗಡಿಯವರು ಟೆಸ್ಟರ್ ಹಾಕಿ ನೋಡಿ, "ಬ್ಯಾಟರಿ ಚೆನ್ನಾಗಿದೆ ಸಾರ್, ಡಿಸ್ಚಾರ್ಜ್ ಆಗಿದೆ ಅಷ್ಟೇ. ಇದಕ್ಕೆ ವಾರಂಟಿ ಬರಲ್ಲ. ಗಾಡೀಲೇ ಏನೋ ಇದೆ, ತೋರಿಸಿ" ಎಂದರು. ನನಗೆ ಸಿಟ್ಟು ಬಂತು. ವಾರಂಟಿ ತಪ್ಪಿಸಿಕೊಳ್ಳೋಕೆ ಹೇಳುವ ಮಾತು ಅಂದುಕೊಂಡೆ. ಗ್ಯಾರೇಜಿನ ಹುಡುಗ "ಆ ಕಂಪನಿ ಬೇಡ ಅಂಕಲ್, ಬೇರೆ ಹಾಕ್ಸಿ" ಅಂದ. ಬೇರೆ ಹಾಕಿಸಿದೆ. ತಿಂಗಳು ತುಂಬುವ ಮೊದಲೇ ಅದೂ ಟಿಕ್ ಟಿಕ್ ಅನ್ನತೊಡಗಿತು.

ಅಂಗಡಿಯವರ ಮಾತೇ ಸರಿ ಎಂದು ಗೊತ್ತಾಗಿದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ 250 ರೂಪಾಯಿಗೆ ವೋಲ್ಟ್, ಕರೆಂಟ್ ಅಳೆಯುವ ಒಂದು ಹಳದಿ ಮಲ್ಟಿಮೀಟರ್ ತಂದ ಮೇಲೆ. ಆ ಮೀಟರನ್ನು ಎರಡು ತಿಂಗಳು ಮೊದಲೇ ತಂದಿದ್ದರೆ ಒಂದು ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು. ಹಾಗಾಗಿ ಮೊದಲು ಅಳೆಯಿರಿ, ಆಮೇಲೆ ಚಾರ್ಜ್ ಮಾಡಿ, ಅದೂ ಆಗದಿದ್ದರೆ ಮಾತ್ರ ಕೊಳ್ಳಿ.

ಇಲ್ಲಿ ಬರೆದಿರುವುದೆಲ್ಲ ಪೆಟ್ರೋಲ್ ಸ್ಕೂಟರಿನ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಗೆ. ಎಲೆಕ್ಟ್ರಿಕ್ ಸ್ಕೂಟರಿನ ದೊಡ್ಡ ಲಿಥಿಯಂ ಬ್ಯಾಟರಿಗೆ ಇದರಲ್ಲಿ ಒಂದು ಸಾಲೂ ಹೊಂದುವುದಿಲ್ಲ. ಅದನ್ನು ಬಿಚ್ಚಲು ಹೋಗಲೇಬೇಡಿ.

ಮೊದಲು ಕಿವಿ, ಆಮೇಲೆ ಪಾನ

ಯಾವ ಸ್ಕ್ರೂ ಬಿಚ್ಚುವ ಮೊದಲೂ ಕೀ ಆನ್ ಮಾಡಿ, ಒಮ್ಮೆ ಹಾರ್ನ್ ಹೊಡೆಯಿರಿ. ಒಮ್ಮೆ ಇಂಡಿಕೇಟರ್ ಹಾಕಿ. ಹೆಡ್‌ಲೈಟ್ ನೋಡಿ ತೀರ್ಮಾನ ಮಾಡಬೇಡಿ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟಿಗೆ ಸ್ವಿಚ್ ಇಲ್ಲ. ಸಾಮಾನ್ಯವಾಗಿ ಎಂಜಿನ್ ಶುರುವಾದ ಮೇಲೇ ಅದು ಹತ್ತಿಕೊಳ್ಳುತ್ತದೆ. "ಲೈಟೇ ಬರ್ತಿಲ್ಲ, ಬ್ಯಾಟರಿ ಪೂರ್ತಿ ಹೋಗಿದೆ" ಎಂದು ಗಾಬರಿಯಾಗುವವರು ಬಹಳ.

ಸೆಲ್ಫ್ ಬಟನ್ ಒತ್ತಿದಾಗ ಟಿಕ್ ಟಿಕ್ ಟಿಕ್ ಎಂದು ಬೇಗ ಬೇಗ ಸದ್ದಾದರೆ ಅದು ರಿಲೇ, ಅಂದರೆ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್. ರಿಲೇ ಎಳೆಯುವಷ್ಟು ಶಕ್ತಿ ಇದೆ, ಮೋಟರ್ ತಿರುಗಿಸುವಷ್ಟು ಇಲ್ಲ ಎಂದರ್ಥ. ಬ್ಯಾಟರಿ ಇಳಿದಿರಬೇಕು, ಇಲ್ಲವೇ ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್ ಲೂಸ್ ಆಗಿರಬೇಕು. ಹಾರ್ನ್ ಕೂಡ ನೆಗಡಿ ಬಂದವರ ಹಾಗೆ ಕೂಗಿದರೆ ಬ್ಯಾಟರಿಯ ಮೇಲೆ ಅನುಮಾನ ಇನ್ನೂ ಗಟ್ಟಿ.

ಹಾರ್ನ್ ಜೋರಾಗಿದೆ, ಇಂಡಿಕೇಟರ್ ಸರಿಯಾಗಿ ಮಿಟುಕುತ್ತಿದೆ, ಆದರೆ ಸೆಲ್ಫ್ ಒತ್ತಿದರೆ ಸದ್ದೇ ಇಲ್ಲವಾ? ಆಗ ಬ್ಯಾಟರಿಯನ್ನು ಬೈಯಬೇಡಿ. ಸ್ಕೂಟರಿನಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ತಗೊಳ್ಳಲ್ಲ. ಬ್ರೇಕ್ ಲಿವರ್ ಒಳಗಿನ ಪುಟ್ಟ ಸ್ವಿಚ್‌ಗೆ ಮಳೆ ನೀರು, ಕೆಸರು ಹೊಕ್ಕಿದರೆ ನೀವು ಬ್ರೇಕ್ ಹಿಡಿದಿದ್ದೀರಿ ಅನ್ನುವುದೇ ಗಾಡಿಗೆ ತಿಳಿಯುವುದಿಲ್ಲ. ಕಂಡುಹಿಡಿಯುವುದು ಸುಲಭ. ಕೀ ಆನ್ ಮಾಡಿ, ಬ್ರೇಕ್ ಹಿಡಿದು, ಹಿಂದಿನ ಕೆಂಪು ಲೈಟ್ ಹತ್ತುತ್ತಾ ಅಂತ ಯಾರನ್ನಾದರೂ ನೋಡಲು ಹೇಳಿ. ಒಂದು ಬ್ರೇಕಿಗೆ ಹತ್ತದಿದ್ದರೆ ಇನ್ನೊಂದು ಬ್ರೇಕ್ ಹಿಡಿದು ಸೆಲ್ಫ್ ಒತ್ತಿ ನೋಡಿ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿಸಿದ್ದರೂ ಎಂಜಿನ್ ಶುರುವಾಗದ ವ್ಯವಸ್ಥೆ ಇರುತ್ತದೆ. ನಗಬೇಡಿ, ಈ ಸೈಡ್ ಸ್ಟ್ಯಾಂಡ್‌ಗೋಸ್ಕರ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿದವರು ನಮ್ಮ ಬಿಲ್ಡಿಂಗ್‌ನಲ್ಲೇ ಇದ್ದಾರೆ.

ಕೀ ಆನ್ ಮಾಡಿದರೂ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಬರಲಿಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಬಹುಪಾಲು ಗಾಡಿಗಳಲ್ಲಿ ಅದು ಬ್ಯಾಟರಿ ಹತ್ತಿರವೇ ಪುಟ್ಟ ಡಬ್ಬಿಯಲ್ಲಿರುತ್ತದೆ, ಪಕ್ಕದಲ್ಲೇ ಒಂದು ಸ್ಪೇರ್ ಕೂಡ ಇಟ್ಟಿರುತ್ತಾರೆ. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ತಂತಿ ತುಂಡಾಗಿದೆಯಾ ಇಲ್ಲವಾ ಕಾಣುತ್ತದೆ. ಎಷ್ಟು ಆಂಪ್ ಇತ್ತೋ ಅಷ್ಟರದ್ದೇ ಹಾಕಿ. 10ರ ಜಾಗಕ್ಕೆ 20 ಹಾಕಿದರೆ, ತಂತಿ ಸುತ್ತಿದರೆ, ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರಿಂಗ್.

ಮೋಟರ್ ಗರಗರ ಚೆನ್ನಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ ಸರಿ ಇದೆ. ಪೆಟ್ರೋಲ್, ಪ್ಲಗ್ ಕಡೆ ಹೋಗಿ. ಅದು ಬೇರೆಯೇ ಕಥೆ.

ಮೂರು ರೀಡಿಂಗ್

ಈಗ ಬ್ಯಾಟರಿ ಎಲ್ಲಿದೆ ಹುಡುಕಿ. ಆಕ್ಟಿವಾದಂಥ ಗಾಡಿಯಲ್ಲಿ ಕಾಲಿಡುವ ಜಾಗದ ಮ್ಯಾಟ್ ಎತ್ತಿದರೆ ಕೆಳಗೆ ಮುಚ್ಚಳ ಇರುತ್ತದೆ. ಕೆಲವದರಲ್ಲಿ ಸೀಟಿನ ಕೆಳಗೆ, ಕೆಲವದರಲ್ಲಿ ಮುಂದಿನ ಪ್ಯಾನೆಲ್ ಹಿಂದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರವೇ ಇರುತ್ತದೆ, ಆದರೆ ಆ ಪುಸ್ತಕ ಯಾರ ಮನೆಯಲ್ಲೂ ಬೇಕಾದಾಗ ಸಿಗಲ್ಲ, ಅಲ್ವಾ? ಒಂದು ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಮುಚ್ಚಳ ತೆಗೆಯಬಹುದು.

ಮಲ್ಟಿಮೀಟರಿನ ಗುಂಡಿಯನ್ನು ಡಿಸಿ ವೋಲ್ಟ್ ಭಾಗದ 20ಕ್ಕೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಅಷ್ಟೇ ಕೆಲಸ. ಉಲ್ಟಾ ಇಟ್ಟರೂ ಏನೂ ಸುಡಲ್ಲ, ಅಂಕಿಯ ಮುಂದೆ ಮೈನಸ್ ಗುರುತು ಬರುತ್ತದೆ ಅಷ್ಟೇ.

ಮೊದಲ ರೀಡಿಂಗ್ ಬೆಳಗ್ಗೆ ತಗೊಳ್ಳಿ. ರಾತ್ರಿಯಿಡೀ ಗಾಡಿ ನಿಂತಿರಬೇಕು, ಕೀ ಆಫ್ ಇರಬೇಕು. ಈಗಷ್ಟೇ ಓಡಿಸಿ ಬಂದು ಅಳೆದರೆ ಬ್ಯಾಟರಿ ಮೇಲ್ಮೇಲಿನ ಚಾರ್ಜ್ ತೋರಿಸಿ ಮೋಸ ಮಾಡುತ್ತದೆ. 12.6ರಿಂದ 12.9 ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಬಂದರೆ ಹೆಚ್ಚುಕಮ್ಮಿ ಅರ್ಧ ಖಾಲಿ. 12 ಬಂತು ಅಂದರೆ "12 ವೋಲ್ಟ್ ಬ್ಯಾಟರಿ ತಾನೇ, 12 ಇದೆಯಲ್ಲ" ಎಂದು ಖುಷಿಪಡಬೇಡಿ, ಅದು ಹತ್ತಿರ ಹತ್ತಿರ ಬರಿದಾಗಿದೆ. ಮೊದಲ ಸಲ ನಾನು ಖುಷಿಪಟ್ಟಿದ್ದೆ. ಬ್ಯಾಟರಿ ಒಳಗೆ ಆರು ಸೆಲ್ ಇರುತ್ತವೆ, ತುಂಬಿದಾಗ ಒಂದೊಂದೂ 2.1 ವೋಲ್ಟಿನಷ್ಟು ಕೊಡುತ್ತದೆ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಸೆಲ್ ಸತ್ತಿದೆ ಎಂದೇ ಲೆಕ್ಕ.

ಎರಡನೆಯದು ಸೆಲ್ಫ್ ಒತ್ತಿದ ಕ್ಷಣದ್ದು. ಕಡ್ಡಿಗಳನ್ನು ಟರ್ಮಿನಲ್ ಮೇಲೆ ನೀವು ಹಿಡಿದುಕೊಳ್ಳಿ, ಸೆಲ್ಫನ್ನು ಇನ್ನೊಬ್ಬರು ಒತ್ತಲಿ. ನಮ್ಮನೆಯಲ್ಲಿ ಈ ಕೆಲಸ ಮಗಳದ್ದು. ಅಂಕಿ ಸರಕ್ಕನೆ ಇಳಿಯುತ್ತದೆ, ಇಳಿಯಲೇಬೇಕು. 10ರ ಮೇಲೆ ನಿಂತರೆ ಒಳ್ಳೆಯದು. 12.6 ತೋರಿಸುತ್ತಿದ್ದ ಬ್ಯಾಟರಿ ಒತ್ತಿದ ತಕ್ಷಣ 8ಕ್ಕೋ 7ಕ್ಕೋ ಬಿದ್ದರೆ ಅದು ನೋಡೋಕೆ ಮಾತ್ರ ಗಟ್ಟಿ, ಒಳಗೆ ಟೊಳ್ಳು. ಒಂದು ಮಾತು: ಕಡ್ಡಿಯನ್ನು ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ ಇಟ್ಟಾಗ 11, ವೈರಿನ ತುದಿಯ ಮೇಲೆ ಇಟ್ಟಾಗ 8 ಬಂದರೆ ತಪ್ಪು ಬ್ಯಾಟರಿಯದ್ದಲ್ಲ, ಅವೆರಡರ ಮಧ್ಯದ ತುಕ್ಕಿನದ್ದು.

ಮೂರನೆಯದು ಎಂಜಿನ್ ಓಡುತ್ತಿರುವಾಗ. ಕಿಕ್ ಹೊಡೆದಾದರೂ ಸ್ಟಾರ್ಟ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ನಿಲ್ಲಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಿ. 13.5ರಿಂದ 14.8ರ ಒಳಗೆ ಬಂದರೆ ಗಾಡಿ ಬ್ಯಾಟರಿಯನ್ನು ಸರಿಯಾಗಿ ಚಾರ್ಜ್ ಮಾಡುತ್ತಿದೆ. ರೇಸ್ ಕೊಟ್ಟರೂ 13 ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಇನ್ನೂ ಕೆಟ್ಟದ್ದು, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ. ಅದು ಬ್ಯಾಟರಿಯನ್ನು ಒಳಗೇ ಬೇಯಿಸುತ್ತದೆ, ಬಲ್ಬ್‌ಗಳನ್ನೂ ಒಂದೊಂದಾಗಿ ಸುಡುತ್ತದೆ. ಈ ಎರಡೂ ಸಂದರ್ಭದಲ್ಲಿ ಹೊಸ ಬ್ಯಾಟರಿ ಹಾಕುವುದು ತೂತು ಬಿದ್ದ ಬಿಂದಿಗೆಗೆ ನೀರು ತುಂಬಿದ ಹಾಗೆ. ರೆಗ್ಯುಲೇಟರ್, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ನೋಡಿಸಲು ಎಲೆಕ್ಟ್ರಿಷಿಯನ್ ಬೇಕು. ಆದರೆ ಹೋಗುವ ಮೊದಲು ರೆಗ್ಯುಲೇಟರಿಗೆ ಬರುವ ಪ್ಲಾಸ್ಟಿಕ್ ಕಪ್ಲರ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ, ಹಸಿರು ಹಿಡಿದಿದ್ದರೆ ಅರ್ಧ ರೋಗ ಅಲ್ಲೇ ಇದೆ.

ಬಿಚ್ಚುವಾಗ ಮೈನಸ್ ಮೊದಲು

ಇದೊಂದು ಮರೆಯಬೇಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಗಾಡಿಯ ಇಡೀ ಕಬ್ಬಿಣದ ಮೈ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುತ್ತಿರುವಾಗ ಪಾನ ಜಾರಿ ಫ್ರೇಮಿಗೆ ತಗುಲಿದರೆ ನೇರ ಶಾರ್ಟ್. ಮೈನಸ್ ಮೊದಲೇ ತೆಗೆದಿದ್ದರೆ ತಗುಲಿದರೂ ಏನೂ ಆಗಲ್ಲ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಯಾವ ವೈರ್ ಯಾವ ಕಡೆ ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹೋಗುವುದು ಪುಣ್ಯ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯು, ಕೂಡ ಹೋಗಬಹುದು.

ಟರ್ಮಿನಲ್ ಮೇಲೆ ಬೂಷ್ಟಿನ ಹಾಗೆ ಬಿಳಿ ಹಸಿರು ಪುಡಿ ಕೂತಿದ್ದರೆ ಬರಿಗೈಯಲ್ಲಿ ಕೆರೆಯಬೇಡಿ, ಅದರಲ್ಲಿ ಆಸಿಡ್ ಇರುತ್ತದೆ. ಅರ್ಧ ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆ ಟೂತ್‌ಬ್ರಶ್ ಅದ್ದಿ ಉಜ್ಜಿ. ಬುಸ್ ಎಂದು ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ತಿರುಗಿ ಜೋಡಿಸಿ ಬಿಗಿ ಮಾಡಿದ ಮೇಲೆ ಮೇಲೊಂದು ತೆಳು ಪದರ ವ್ಯಾಸಲೀನ್ ಸವರಿ. ಎಷ್ಟೋ ಸಲ ಇಷ್ಟಕ್ಕೇ ಸೆಲ್ಫ್ ಹಿಡಿದುಬಿಡುತ್ತದೆ.

ಆ ಟರ್ಮಿನಲ್ ನಟ್ ಬಗ್ಗೆ ಹೇಳದಿದ್ದರೆ ಆಗಲ್ಲ. ಈ ಪುಟ್ಟ ಬ್ಯಾಟರಿಗಳಲ್ಲಿ ಬೋಲ್ಟ್ ಮೇಲಿಂದ ಬರುತ್ತದೆ, ಕೆಳಗೆ ಒಂದು ಚೌಕಾಕಾರದ ನಟ್ ಸುಮ್ನೆ ಕೂತಿರುತ್ತದೆ. ಬೋಲ್ಟ್ ಒತ್ತಿದರೆ ನಟ್ ಕೆಳಕ್ಕೆ ಕುಸಿಯುತ್ತದೆ, ದಾರ ಹಿಡಿಯುವುದೇ ಇಲ್ಲ. ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಉಪಾಯ ಇಷ್ಟೇ: ಪಾತ್ರೆ ತೊಳೆಯುವ ಸ್ಪಂಜಿನ ಒಂದು ಚೂರು ಕತ್ತರಿಸಿ ನಟ್ ಕೆಳಗೆ ತುರುಕಿ. ಸ್ಪಂಜ್ ನಟ್ಟನ್ನು ಮೇಲಕ್ಕೆ ತಳ್ಳಿ ಹಿಡಿಯುತ್ತದೆ, ಬೋಲ್ಟ್ ಮೊದಲ ಸುತ್ತಿಗೇ ಕಚ್ಚುತ್ತದೆ. ಸ್ಪಂಜನ್ನು ಅಲ್ಲೇ ಬಿಟ್ಟರೂ ತೊಂದರೆ ಇಲ್ಲ. ಇದನ್ನು ನನಗೆ ಹೇಳಿಕೊಟ್ಟಿದ್ದು ಕಲಾಸಿಪಾಳ್ಯದ ಒಬ್ಬ ಮೆಕ್ಯಾನಿಕ್, ಅದೂ ನಾನು ಹತ್ತು ನಿಮಿಷ ಒದ್ದಾಡುವುದನ್ನು ಬೀಡಿ ಸೇದುತ್ತಾ ನೋಡಿದ ಮೇಲೆ.

ಚಾರ್ಜ್ ಮಾಡುವುದು: ನಿಧಾನವೇ ಸರಿ

ಬ್ಯಾಟರಿಯ ಮೇಲಿನ ಚೀಟಿ ಓದಿ. ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಇರುತ್ತದೆ. ಈ ಅಂಕಿಯ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ ಚಾರ್ಜ್ ಮಾಡಬೇಕು. 4 ಎಎಚ್ ಬ್ಯಾಟರಿಗೆ 0.4 ಆಂಪ್. ಎಷ್ಟೋ ಬ್ಯಾಟರಿಗಳ ಮೇಲೆ ಇದನ್ನು ಅಚ್ಚು ಹಾಕಿಯೇ ಇರುತ್ತಾರೆ, ನಾವು ಓದಲ್ಲ ಅಷ್ಟೇ.

ಮನೆಯ ಯುಪಿಎಸ್ ಬ್ಯಾಟರಿ 150 ಎಎಚ್ ಇರುತ್ತದೆ, ಅದರ ಚಾರ್ಜರ್ 10 ಆಂಪಿನಷ್ಟು ಕೊಡಬಲ್ಲದು. ಅದಕ್ಕೆ ಈ ಅಂಗೈಯಗಲದ ಬ್ಯಾಟರಿ ಸಿಕ್ಕಿಸುವುದು ಮಗುವಿಗೆ ಫೈರ್ ಇಂಜಿನ್ ಪೈಪಿನಲ್ಲಿ ನೀರು ಕುಡಿಸಿದಂತೆ. ಕಾರ್ ಬ್ಯಾಟರಿಯ ದೊಡ್ಡ ಚಾರ್ಜರೂ ಬೇಡ. ಹಳೆ ಲ್ಯಾಪ್‌ಟಾಪ್ ಅಡಾಪ್ಟರಿನ ವೈರ್ ಕತ್ತರಿಸಿ ಚಾರ್ಜ್ ಮಾಡುವ ವಿಡಿಯೋಗಳನ್ನು ನಂಬಬೇಡಿ. ಅದು 19 ವೋಲ್ಟ್ ಕೊಡುತ್ತದೆ, ಬ್ಯಾಟರಿ ತುಂಬಿದ ಮೇಲೂ ನಿಲ್ಲಿಸಲ್ಲ. ಬೈಕ್ ಬ್ಯಾಟರಿಗೆಂದೇ ಮಾಡಿದ, ತುಂಬಿದ ಮೇಲೆ ತಾನೇ ಕರೆಂಟ್ ಇಳಿಸುವ, 1 ಆಂಪಿಗೆ ಮೀರದ 12 ವೋಲ್ಟ್ ಆಟೊಮ್ಯಾಟಿಕ್ ಚಾರ್ಜರ್ ಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ತಂದರೂ ಸಾಕು.

ಈಗ ಕ್ರಮ.

1. ಬ್ಯಾಟರಿಯನ್ನು ಗಾಡಿಯಿಂದ ಹೊರಗೆ ತೆಗೆಯಿರಿ. ಬಾಲ್ಕನಿಯಲ್ಲೋ ಗಾಳಿಯಾಡುವ ಯುಟಿಲಿಟಿಯಲ್ಲೋ ಇಡಿ. ಅಡುಗೆಮನೆ ಬೇಡ, ದೇವರ ಮನೆಯ ದೀಪದ ಹತ್ತಿರವಂತೂ ಬೇಡವೇ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದು, ಅದಕ್ಕೆ ಒಂದು ಕಿಡಿ ಸಾಕು.

2. ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಸೋರುತ್ತಿದೆಯಾ ನೋಡಿ. ಇವುಗಳಲ್ಲಿ ಒಂದು ಕಂಡರೂ ಚಾರ್ಜ್ ಮಾಡಬೇಡಿ, ನೇರ ಅಂಗಡಿಗೆ ಒಯ್ಯಿರಿ.

3. ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಕ್ಲಿಪ್ ಮೈನಸ್‌ಗೆ. ಗಟ್ಟಿಯಾಗಿ ಕಚ್ಚಿದೆಯಾ ಅಲ್ಲಾಡಿಸಿ ನೋಡಿ. ಇದಾದ ಮೇಲೇ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕ್ಲಿಪ್.

4. ಅರ್ಧ ಖಾಲಿಯಾದ 4 ಎಎಚ್ ಬ್ಯಾಟರಿ 0.4 ಆಂಪಿನಲ್ಲಿ ಐದಾರು ಗಂಟೆ ತಗೊಳ್ಳುತ್ತದೆ. ಪೂರ್ತಿ ಬರಿದಾಗಿದ್ದರೆ ಹನ್ನೆರಡು ಗಂಟೆ. ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾರದಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ. ರಾತ್ರಿ ಹಾಕಿ ಮಲಗುವುದು ಬೇಡ, ರಜೆಯ ದಿನ ಬೆಳಗ್ಗೆ ಹಾಕಿ.

5. ಮಧ್ಯದಲ್ಲಿ ಕರೆಂಟ್ ಹೋಗಿ ಬಂದರೆ ಚಾರ್ಜರ್ ದೀಪ ಒಮ್ಮೆ ನೋಡಿ. ಕೆಲವು ತಾವಾಗಿ ಶುರುವಾಗುತ್ತವೆ, ಕೆಲವಕ್ಕೆ ಬಟನ್ ಒತ್ತಬೇಕು. ನಾನು ಒಂದು ಭಾನುವಾರ ಸಂಜೆವರೆಗೂ ಆಫ್ ಆದ ಚಾರ್ಜರಿಗೆ ಕಾವಲು ಕೂತಿದ್ದೆ.

6. ತೆಗೆದ ತಕ್ಷಣ ಅಳೆಯಬೇಡಿ. ಕನಿಷ್ಠ ನಾಲ್ಕೈದು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಸುಮ್ನೆ ಬಿಡಿ. ಬೆಳಗ್ಗೆ 12.6ರ ಮೇಲಿದ್ದರೆ ಬ್ಯಾಟರಿ ಬದುಕಿದೆ. 12.4ಕ್ಕಿಂತ ಕೆಳಗೆ ಜಾರಿದ್ದರೆ ಅದಕ್ಕೆ ಚಾರ್ಜ್ ಹಿಡಿದಿಡುವ ಶಕ್ತಿ ಹೋಗಿದೆ.

ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದ ಬ್ಯಾಟರಿಯನ್ನು ಕೆಲವು ಆಟೊಮ್ಯಾಟಿಕ್ ಚಾರ್ಜರ್ ಗುರುತೇ ಹಿಡಿಯಲ್ಲ, ಬ್ಯಾಟರಿ ಹಾಕಿಯೇ ಇಲ್ಲ ಎಂಬಂತೆ ದೀಪ ಮಿಟುಕಿಸುತ್ತದೆ. ಬರಿದಾದ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ದಿನ ಕಳೆದಷ್ಟೂ ಗಟ್ಟಿ. ಅಂಥದ್ದನ್ನು ಬ್ಯಾಟರಿ ಅಂಗಡಿಗೆ ಕೊಟ್ಟು ನೋಡಬಹುದು, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಸೀಲ್ ಆದ ಎಂಎಫ್ (ಮೇಂಟೆನೆನ್ಸ್ ಫ್ರೀ) ಬ್ಯಾಟರಿಯ ಮೇಲಿನ ಪಟ್ಟಿ ಕಿತ್ತು ನೀರು ಹಾಕುವ ಸಾಹಸ ಬೇಡ. ಹಳೆಯ ಕಾಲದ, ಮೇಲಿನ ಮುಚ್ಚಳ ಬಿಚ್ಚುವ ಬ್ಯಾಟರಿ ಇದ್ದರೆ ಮಾತ್ರ ಎರಡು ಗೆರೆಗಳ ಮಧ್ಯಕ್ಕೆ ಬರುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಬಹುದು. ಕಾವೇರಿ ನೀರೂ ಬೇಡ, ಬೋರ್‌ವೆಲ್ ನೀರೂ ಬೇಡ, ಮನೆಯ ಆರ್‌ಒ ನೀರೂ ಬೇಡ. ಆಸಿಡ್ ಮೈಮೇಲೆ ಬಿದ್ದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಇದ್ದು, ಆಮೇಲೆ ನೇರ ಆಸ್ಪತ್ರೆಗೆ.

ಕದಿಯುತ್ತಿರುವವರು ಯಾರು?

ಈಗ ನನ್ನ ಎರಡು ಬ್ಯಾಟರಿ ಕಥೆಗೆ ಬರೋಣ. ಮೂರೂ ರೀಡಿಂಗ್ ಸರಿ ಇದ್ದವು. ಚಾರ್ಜ್ ಮಾಡಿದರೆ 12.7 ನಿಲ್ಲುತ್ತಿತ್ತು, ಗಾಡಿ ಓಡುವಾಗ 14.2. ಆದರೂ ಐದು ದಿನ ನಿಲ್ಲಿಸಿದರೆ ಟಿಕ್ ಟಿಕ್. ಅಂದರೆ ಕೀ ಆಫ್ ಇದ್ದಾಗಲೂ ಏನೋ ಕರೆಂಟ್ ಕುಡಿಯುತ್ತಿದೆ.

ಇದನ್ನು ಹಿಡಿಯಲು ಮೈನಸ್ ವೈರ್ ಬಿಚ್ಚಿ, ಆ ವೈರಿನ ತುದಿಗೂ ಬ್ಯಾಟರಿಯ ಮೈನಸ್‌ಗೂ ಮಧ್ಯೆ ಮೀಟರ್ ಸೇರಿಸಬೇಕು. ಕೆಂಪು ಕಡ್ಡಿಯ ಬುಡವನ್ನು ಮೀಟರಿನ 10ಎ ಎಂಬ ತೂತಿಗೆ ಬದಲಿಸಿ, ಗುಂಡಿಯನ್ನೂ 10 ಆಂಪಿಗೆ ಇಡಿ. ಕೀ ಆಫ್ ಇರಲಿ. ಸೊನ್ನೆಯ ಹತ್ತಿರ ತೋರಿಸಿದರೆ ಕಡ್ಡಿಯನ್ನು ಮೊದಲಿನ ತೂತಿಗೆ ಹಾಕಿ, 200 ಮಿಲಿಆಂಪಿನಲ್ಲಿ ಇನ್ನೊಮ್ಮೆ ನೋಡಿ. ಒಂದೆರಡು ಮಿಲಿಆಂಪ್ ಇದ್ದರೆ ಗಡಿಯಾರದಂಥದ್ದು ಯಾವುದೋ, ಬಿಟ್ಟುಬಿಡಿ. ಈ ಹೊತ್ತಿನಲ್ಲಿ ಅಪ್ಪಿತಪ್ಪಿಯೂ ಕೀ ಆನ್ ಮಾಡಬೇಡಿ, ಸೆಲ್ಫ್ ಒತ್ತಬೇಡಿ, ಮೀಟರ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಡ್ಡಿ 10ಎ ತೂತಿನಲ್ಲೇ ಉಳಿದರೆ, ಮುಂದಿನ ಸಲ ವೋಲ್ಟ್ ನೋಡಲು ಹೋದವರಿಗೆ ಪಟಾಕಿ. ನನ್ನ ಮೀಟರಿನ ಕಪ್ಪು ಕಡ್ಡಿಯ ತುದಿ ಯಾಕೆ ಕರಗಿದೆ ಎಂದು ಕೇಳಬೇಡಿ.

ನನಗೆ ಬಂದದ್ದು 18 ಮಿಲಿಆಂಪ್. ಫೋನ್ ಚಾರ್ಜರಿನ ಒಂದು ನೀಲಿ ದೀಪ ಹತ್ತಿರುವಷ್ಟು. ಅದೇ ಕಳ್ಳ! ಆಕ್ಸೆಸರಿ ಅಂಗಡಿಯೊಂದರಲ್ಲಿ ಹ್ಯಾಂಡಲ್‌ಗೆ ಹಾಕಿಸಿದ್ದ ಮೊಬೈಲ್ ಚಾರ್ಜರಿನ ವೈರನ್ನು ಕೀ ಮೂಲಕ ತರದೆ ನೇರ ಬ್ಯಾಟರಿಗೇ ಕೊಟ್ಟಿದ್ದರು. ಹಗಲಲ್ಲಿ ಆ ದೀಪ ಕಾಣುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. 18 ಮಿಲಿಆಂಪ್, ದಿನಕ್ಕೆ 24 ಗಂಟೆ, ಐದು ದಿನ. ಒಟ್ಟು ಸುಮಾರು 2.2 ಎಎಚ್. ನನ್ನದು 4 ಎಎಚ್ ಬ್ಯಾಟರಿ. ಅರ್ಧಕ್ಕಿಂತ ಜಾಸ್ತಿ ಸುಮ್ನೆ ನಿಂತಲ್ಲೇ ಖಾಲಿ. ಆಗ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಗಾಡಿ ಹೊರಬರುತ್ತಿದ್ದದ್ದು ಶನಿವಾರ, ಅದೂ ಹನುಮಂತನಗರದಿಂದ ಗಾಂಧಿ ಬಜಾರಿಗೆ ಹೂವು, ಕಾಫಿಪುಡಿ ತರೋಕೆ. ಅಷ್ಟು ದೂರದಲ್ಲಿ ಸೆಲ್ಫ್ ತಿಂದದ್ದೂ ಪೂರ್ತಿ ವಾಪಸ್ ತುಂಬುತ್ತಿರಲಿಲ್ಲವೇನೋ.

ಅಲಾರಂ, ಜಿಪಿಎಸ್ ಟ್ರ್ಯಾಕರ್, ಹೆಚ್ಚುವರಿ ಎಲ್‌ಇಡಿ ಲೈಟ್ ಹಾಕಿಸಿದವರು ಮೊದಲು ಅವನ್ನೇ ಒಂದೊಂದಾಗಿ ಬಿಚ್ಚಿ ಮೀಟರ್ ನೋಡಿ. ಯಾವುದು ಬಿಚ್ಚಿದಾಗ ಅಂಕಿ ಇಳಿಯುತ್ತದೋ ಅದೇ.

ದಾರಿಯಲ್ಲಿ ನಿಂತರೆ

ಕಾರ್ಬ್ಯುರೇಟರ್ ಇದ್ದ ಹಳೆಯ ಸ್ಕೂಟರ್‌ಗಳಲ್ಲಿ ಹೆಚ್ಚಿನವು ಬ್ಯಾಟರಿ ಸತ್ತಿದ್ದರೂ ಕಿಕ್ಕಿಗೆ ಶುರುವಾಗುತ್ತವೆ. 2020ರ ಏಪ್ರಿಲ್‌ನಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂತು, ಸ್ಕೂಟರ್‌ಗಳು ಫ್ಯುಯೆಲ್ ಇಂಜೆಕ್ಷನ್‌ಗೆ ತಿರುಗಿದವು. ಅವುಗಳಲ್ಲಿ ಪೆಟ್ರೋಲ್ ಪಂಪೂ ಇಸಿಯುವೂ ಕರೆಂಟಿನ ಮೇಲೇ ನಡೆಯುತ್ತವೆ. ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಕಿಕ್ ಕೈಹಿಡಿಯಬಹುದು. ಪೂರ್ತಿ ಸತ್ತಿದ್ದರೆ ಕಾಲು ನೋವು ಬರುತ್ತದೆ ಅಷ್ಟೇ. ಕೆಲವು ಗಾಡಿಗಳಲ್ಲಿ ಕಿಕ್ಕೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಕೆ ಇದು ಗೇರ್ ಬೈಕ್ ಅಲ್ಲ, ಸುಮ್ನೆ ಸುಸ್ತು.

ಇನ್ನೊಂದು ಸ್ಕೂಟರಿನಿಂದಲೋ ಕಾರಿನಿಂದಲೋ ಜಂಪ್ ಕೊಡಬಹುದು. ಕಾರಾದರೆ ಅದರ ಎಂಜಿನ್ ಆಫ್ ಇರಲಿ. ಪ್ಲಸ್‌ಗೆ ಪ್ಲಸ್ ಮೊದಲು. ಮೈನಸ್ ವೈರನ್ನು ಕೊನೆಗೆ, ಬ್ಯಾಟರಿಯಿಂದ ದೂರ, ನಿಮ್ಮ ಗಾಡಿಯ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ ಕೊಡಿ. ಸೆಲ್ಫನ್ನು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಒತ್ತಿ.

ಗಾಡಿ ಶುರುವಾದ ಮೇಲೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಇದ್ದರೆ ಬ್ಯಾಟರಿ ತುಂಬಿತು ಅಂದುಕೊಳ್ಳಬೇಡಿ. ಸಿಗ್ನಲ್‌ನಲ್ಲಿ ಐಡಲ್ ನಿಂತಾಗ ಚಾರ್ಜಿಂಗ್ ಬಹಳ ಕಮ್ಮಿ, ಹೆಡ್‌ಲೈಟ್ ಬೇರೆ ಹಗಲೂ ಉರಿಯುತ್ತಿರುತ್ತದೆ. ಖಾಲಿ ರೋಡಿನಲ್ಲಿ, ಉದಾಹರಣೆಗೆ ಭಾನುವಾರ ಬೆಳಗ್ಗೆ ಕನಕಪುರ ರಸ್ತೆಯಲ್ಲಿ, ಅರ್ಧ ಮುಕ್ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಅದಕ್ಕಿಂತ ಲಾಭ. ಊರಿಗೆ ಹೋಗಿ ಮೂರು ವಾರ ಬರುವುದಿಲ್ಲ ಅಂದರೆ ಮೈನಸ್ ವೈರ್ ಬಿಚ್ಚಿಟ್ಟು ಹೋಗಿ.

ಕೊಳ್ಳಲೇಬೇಕಾದರೆ

ಚಾರ್ಜ್ ಹಿಡಿಯುತ್ತಿಲ್ಲ, ಸೆಲ್ಫಿಗೆ 8ಕ್ಕೆ ಬೀಳುತ್ತಿದೆ, ಮೂರು ನಾಲ್ಕು ವರ್ಷ ಆಗಿದೆ ಅಂದರೆ ಬದಲಿಸಿ, ಎಳೆದಾಡಬೇಡಿ. ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರೋಡಿಗೇ ಹೋಗಬೇಕೆಂದಿಲ್ಲ, ನಿಮ್ಮ ಏರಿಯಾದ ಬ್ಯಾಟರಿ ಅಂಗಡಿ ಸಾಕು. ಆದರೆ ಎರಡು ಮೂರು ಕಡೆ ರೇಟ್ ಕೇಳಿ. ಹಳೆಯದರ ಮೇಲಿನ ವೋಲ್ಟ್, ಎಎಚ್, ಅಳತೆ, ಪ್ಲಸ್ ಯಾವ ಕಡೆ ಇದೆ ಎಲ್ಲವೂ ಹೊಂದಬೇಕು. ತಯಾರಾದ ತಿಂಗಳು ನೋಡಿ. ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತಿದ್ದು ಬೇಡ. ಕೆಲವು ಬ್ಯಾಟರಿಗಳಿಗೆ ಅಂಗಡಿಯಲ್ಲೇ ಆಸಿಡ್ ತುಂಬಿ ಕೊಡುತ್ತಾರೆ. ಅಂಥದ್ದಾದರೆ ಗಡಿಬಿಡಿ ಮಾಡದೆ, ಪೂರ್ತಿ ಚಾರ್ಜ್ ಮಾಡಿಸಿಕೊಂಡೇ ತನ್ನಿ. ವಾರಂಟಿ ಕಾರ್ಡಿಗೆ ತಾರೀಖು ಮತ್ತು ಸೀಲ್ ಹಾಕಿಸಿ. ಎಷ್ಟು ತಿಂಗಳು ಫ್ರೀ ರೀಪ್ಲೇಸ್‌ಮೆಂಟ್, ಎಷ್ಟು ತಿಂಗಳು ಬರೀ ಡಿಸ್ಕೌಂಟ್ ಎಂದು ಅಲ್ಲೇ ಓದಿ.

ಹಳೆಯದನ್ನು ಅಂಗಡಿಯವರಿಗೇ ಕೊಡಿ, ದುಡ್ಡು ಕಡಿಮೆ ಮಾಡಿಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಮನೆಯ ಕಸದ ಗಾಡಿಗೆ ಹೋಗುವಂತಿಲ್ಲ. ಒಳಗಿರುವುದು ಸೀಸ ಮತ್ತು ಆಸಿಡ್.

ನನ್ನ ಆ "ಸತ್ತ" ಏಳು ವಾರದ ಬ್ಯಾಟರಿಯನ್ನು ಸಿಟ್ಟಿನಲ್ಲಿ ಅಟ್ಟದ ಮೇಲೆ ಎಸೆದಿದ್ದೆ. ಮೀಟರ್ ಬಂದ ಮೇಲೆ ಇಳಿಸಿ, ಒಂದು ದಿನ ನಿಧಾನಕ್ಕೆ ಚಾರ್ಜ್ ಮಾಡಿದೆ. ಮಾರನೆಯ ಬೆಳಗ್ಗೆ 12.5 ತೋರಿಸಿತು. ಕೆಳಮನೆಯ ಮೇಷ್ಟ್ರ ಸ್ಕೂಟರಿಗೆ ಹಾಕಿಕೊಟ್ಟೆ. ಅವರು ರಿಟೈರ್ಡ್ ಗಣಿತದ ಮೇಷ್ಟ್ರು. ಭಾನುವಾರ ನಾನು ಮೀಟರ್ ಹಿಡಿದು ಕೆಳಗಿಳಿದರೆ ಗೇಟಿನ ಹತ್ತಿರವೇ ಕೇಳುತ್ತಾರೆ.

"ಏನಪ್ಪಾ, ಇವತ್ತು ಎಷ್ಟಿದೆ?"

"ಹನ್ನೆರಡು ಪಾಯಿಂಟ್ ನಾಲ್ಕು, ಮೇಷ್ಟ್ರೇ."

"ಹೋದ ವಾರ ಐದಿತ್ತಲ್ಲೋ! ನಡಿ, ಚಾರ್ಜರ್ ತಗೊಂಡ್ ಬಾ."